ಗುನುಗು ಬರೆದವರು ಯಾರೋ

ಜನವರಿ 18, ಶನಿವಾರ

ಮತ್ತೆ ಅದೇ ಪಿಯಾನೊ. ಮಧ್ಯದ ಒಂದು ಕೀ ಒತ್ತಿದರೆ ಮೇಲೆ ಬರುವುದೇ ಇಲ್ಲ, ಉಗುರಿನಿಂದ ಎತ್ತಬೇಕು. ಹಾಡುಗಾರರ ಗುಂಪು ನಡೆಸುವ ಪೀಟರ್‌ಗೆ ಹೇಳಿದೆ. "ನೆಕ್ಸ್ಟ್ ವೀಕ್" ಎಂದ. ಹೋದ ವರ್ಷವೂ ನೆಕ್ಸ್ಟ್ ವೀಕ್ ಎಂದಿದ್ದ. ಊರಿನಿಂದ ಕಡಲಾಚೆಯ ಕಿಲಿಮಾನಿಯ ಈ ಚರ್ಚ್ ಹಾಲ್, ಈ ಕಾಯಿರ್, ಈ ಪಿಯಾನೊ... ನನ್ನ ಎಷ್ಟು ಶನಿವಾರಗಳು ಇಲ್ಲೇ ಹೋದವೋ. ಇಲ್ಲಿ ಅಲ್ಲದಿದ್ದರೆ ಎಲ್ಲಿ ಹೋಗುತ್ತಿದ್ದವು ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ.

ಈ ಸಲ ಆಪೆರಾ. ಪೀಟರ್ ಜರ್ಮನಿಯಲ್ಲಿ ಕಂಡಕ್ಟಿಂಗ್ ಕಲಿತವನು, ಅಲ್ಲಿಂದಲೇ ಅದರ ಸ್ಕೋರ್, ಸ್ವರಲಿಪಿಯ ಪುಸ್ತಕ, ತರಿಸಿದ್ದಾನೆ. ಹದಿನೆಂಟನೇ ಶತಮಾನದ್ದು. ಒಂದು ನಾಟಕ ಕಂಪನಿಯ ನಾಲ್ಕು ಜನ ಸೇರಿ ಬರೆದದ್ದಂತೆ — ಒಬ್ಬ ಕಂಡಕ್ಟರ್, ಇಬ್ಬರು ಹಾಡುವವರು, ಒಬ್ಬ ಬಸೂನ್ ಊದುವವನು. ಕಂಪನಿ ಮುಚ್ಚಿತು. ಆಪೆರಾ ಕಳೆದುಹೋಯಿತೆಂದು ಎಲ್ಲರೂ ಬಿಟ್ಟಿದ್ದರು. ಇನ್ನೂರು ವರ್ಷದ ಮೇಲೆ ಯಾವುದೋ ಊರಿನ ಲೈಬ್ರರಿಯಲ್ಲಿ, ಬೇರೆ ಯಾವುದೋ ಪುಸ್ತಕದ ರಟ್ಟಿನೊಳಗೆ ಸಿಕ್ಕಿತು. ಕೆಲವು ಹಾಡಿನ ಮೇಲೆ ಬರೆದವರ ಹೆಸರಿದೆ. ಕೆಲವಕ್ಕೆ ಇಲ್ಲ. ಕಥೆ ಅಜ್ಜಿಕಥೆ: ಕಾಡಿನ ರಾಜ, ಮಾಯದ ಬುಗ್ಗೆ, ಒಬ್ಬ ಸೌದೆ ಕಡಿಯುವವ, ಅವನ ಹೆಂಡತಿ. ಹಾಡುಗಳ ನಡುವೆ ಮಾತು, ತಮಾಷೆ, ಗುಡುಗು, ಹಗ್ಗದಲ್ಲಿ ಇಳಿಯುವ ದೇವತೆ. ಇವತ್ತು ಹಂಚಿದ್ದು ಮೊದಲ ಅಂಕ ಮಾತ್ರ.

ತಗ್ಗಿನ ಸ್ವರದ ಬೇಸ್ ಸಾಲಿನಲ್ಲಿ ಒಬ್ಬರು ಹೊಸಬರು. ಕೈಯಿಂದ ಹಾಳೆಗಳೆಲ್ಲ ನೆಲಕ್ಕೆ ಜಾರಿದಾಗ "ಥತ್ ಇದ್ರಜ್ಜಿ!" ಎಂದರು. ಪಿಯಾನೊ ನುಡಿಸುತ್ತಿದ್ದ ನನ್ನ ಕೈ ತಪ್ಪಿತು. ಪೀಟರ್ ತಿರುಗಿ ನೋಡಿದ. ಬ್ರೇಕ್ ಆದ ಕೂಡಲೇ ಎದ್ದು ಹೋದೆ.

"ನೀವು ಕನ್ನಡದವರಾ ಮಾರಾಯ್ರೆ?"

"ಅಯ್ಯೋ, ಕೇಳಿಸ್ಬಿಡ್ತಾ?" ಕಿವಿಯವರೆಗೂ ಕೆಂಪಾದರು. "ವಿಶ್ವನಾಥ. ಮೈಸೂರು. ನೀವು ಮಂಗಳೂರು ಕಡೆಯವರು, ಅಲ್ವಾ?"

"ಬಜಪೆ. ಫಿಲೋಮಿನಾ. ಶಾಲೆಯಲ್ಲಿ ಮ್ಯೂಸಿಕ್ ಟೀಚರ್."

ಅವರು ಇಂಡಸ್ಟ್ರಿಯಲ್ ಏರಿಯಾದ ಔಷಧಿ ಫ್ಯಾಕ್ಟರಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಮನೆ ಸೌತ್ ಬಿ ಬಡಾವಣೆಯಲ್ಲಿ. ನನ್ನದೂ. "ಮತ್ತೆ ಮಟಾಟು ವ್ಯಾನ್‌ನಲ್ಲಿ ನೂಕಾಡ್ಕೊಂಡು ಯಾಕೆ ಟೀಚರ್? ಮುಂದಿನ ವಾರದಿಂದ ನನ್ ಕಾರಲ್ಲೇ ಬನ್ನಿ" ಎಂದರು.

ಕೊಂಕಣಿ ಮಾತಾಡಲು ಈಗ ಅಮ್ಮ ಇಲ್ಲ. ಕನ್ನಡ ಎಂದರೆ ಈ ಡೈರಿಯಲ್ಲಿ ಬರೆಯುವುದಷ್ಟೇ. ಇವತ್ತು ಬಾಯಿಂದ ಬಂತು. ಬಂದದ್ದು ನನಗೇ ಹೊಸದಾಗಿ ಕೇಳಿಸಿತು.

ಜನವರಿ 25, ಶನಿವಾರ

ಕಾರಿನಲ್ಲಿ ಹೋದೆ. ಸುಮ್ಮನಿರಬಾರದೆಂದು ಮಾತಿಗೆ ಮಾತು. ಮನೆಯಲ್ಲಿ ಯಾರೆಲ್ಲ ಎಂದು ಕೇಳಿದೆ.

"ಮಗಳು ಗಗನಾ, ಈ ವರ್ಷ ಸ್ಕೂಲ್ ಮುಗಿಯುತ್ತೆ. ನಾನು ಕನ್ನಡದಲ್ಲಿ ಬೈದ್ರೆ ಇಂಗ್ಲಿಷ್‌ನಲ್ಲಿ ವಾಪಸ್ ಬೈತಾಳೆ. ಆಮೇಲೆ ಹೆಂಡ್ತಿ, ಜಯಲಕ್ಷ್ಮಿ." ಗೇರ್ ಬದಲಿಸಿದರು. "ಮಾತಿಲ್ಲ."

ಜಗಳವೆಂದುಕೊಂಡೆ. ನಗುತ್ತಲೇ, "ಎಷ್ಟು ದಿನದಿಂದ ಮಾತು ಬಿಟ್ಟದ್ದು?" ಎಂದೆ.

"ಎರಡು ವರ್ಷ ಆಗ್ತಾ ಬಂತು ಟೀಚರ್. ಸ್ಟ್ರೋಕು."

ಕಾರಿನ ಬಾಗಿಲು ತೆಗೆದು ಹಾರಿಬಿಡುವ ಎನಿಸಿತು. ಅವರೇ ಸಮಾಧಾನ ಮಾಡಿದರು. ಬಲಗೈ, ಬಲಗಾಲು ಸ್ವಲ್ಪ ಸ್ವಲ್ಪ ಬಂದಿದೆ, ಕೋಲು ಹಿಡಿದು ನಡೆಯುತ್ತಾರೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ. ಬಾಯಿಂದ ಬರುವುದು ಮಾತ್ರ ಒಂದೇ — "ಅದು... ಅದು..." ನೀರು ಬೇಕಾದರೂ ಅದು, ಸಿಟ್ಟು ಬಂದರೂ ಅದು. "ಮೊದಲು ಎಷ್ಟು ಮಾತಾಡ್ತಿದ್ಲು ಗೊತ್ತಾ? ಫ್ಯಾಕ್ಟರಿಯಿಂದ ಬಂದ್ರೆ ಒಂದು ಗಂಟೆ ನನ್ನ ಕಿವಿ ತಿಂತಿದ್ಲು. ಸಾಕಮ್ಮಾ ನಿಲ್ಸು ಅಂತಿದ್ದೆ."

ಕಾಯಿರ್‌ಗೆ ಬಂದದ್ದು ಮಗಳ ಒತ್ತಾಯಕ್ಕಂತೆ. ಮನೆ, ಫ್ಯಾಕ್ಟರಿ, ಮನೆ ಎಂದೇ ಇದ್ದವರನ್ನು ಅವಳೇ ಹೆಸರು ಬರೆಸಿ ಕಳಿಸಿದಳು.

ಪೀಟರ್ ಇವತ್ತು ಪಾತ್ರ ಹಂಚಿದ. ಸೌದೆ ಕಡಿಯುವವ — ವಿಶ್ವನಾಥ. ಮೈಸೂರಿನ ಭಜನೆಯಲ್ಲಿ ಪಳಗಿದ ಗಂಟಲು, ಕೆಳಗಿನ ಸ್ವರ ಬಾವಿಯಿಂದ ಬಂದ ಹಾಗೆ. ಐದು ಗೆರೆಯ ಸ್ಟಾಫ್ ನೊಟೇಶನ್ ಓದಲು ಬರುವುದಿಲ್ಲ. ಪ್ರತಿ ಸ್ವರದ ಕೆಳಗೂ ಪೆನ್ಸಿಲಿನಿಂದ ಸರಿಗಮ ಬರೆದುಕೊಳ್ಳುತ್ತಾರೆ. ಅವರ ಭಾಗವನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆಂದು ಒಪ್ಪಿದೆ.

ಫೆಬ್ರವರಿ 8, ಶನಿವಾರ

ಎರಡನೇ ಅಂಕ ಬಂತು. ಬರಬಾರದಿತ್ತು.

ಕಾಡಿನ ರಾಜನಿಗೆ ಸಿಟ್ಟು ಬಂದು ಸೌದೆಯವನ ಹೆಂಡತಿಯ ಮಾತನ್ನು ಬುಗ್ಗೆಯೊಳಗೆ ಅಡಗಿಸಿಡುತ್ತಾನೆ. ಅವಳಿಗೆ ಗುನುಗಲು ಮಾತ್ರ ಸಾಧ್ಯ. ಹನ್ನೊಂದನೆಯ ಹಾಡು ಗಂಡ-ಹೆಂಡತಿಯ ಡ್ಯುಯೆಟ್. ಅವನು ಒಂದೊಂದೇ ಪ್ರಶ್ನೆ ಕೇಳುತ್ತಾನೆ — ಹಸಿವಾ? ಚಳಿಯಾ? ನನ್ನ ಮೇಲೆ ಕೋಪವಾ? ಅವಳು ಒಂದೊಂದಕ್ಕೂ ಬೇರೆ ಬೇರೆ ರಾಗದಲ್ಲಿ ಗುನುಗುತ್ತಾಳೆ. ಅವನಿಗೆ ತಿಳಿಯುವುದಿಲ್ಲ. ಆ ಕಾಲದಲ್ಲಿ ಜನ ಹೊಟ್ಟೆ ಹಿಡಿದು ನಗುತ್ತಿದ್ದರಂತೆ, ತಮಾಷೆಯ ಹಾಡು.

ಹೆಂಡತಿಯ ಪಾತ್ರ ಅಚಿಯೆಂಗ್‌ಗೆ. ಯೂನಿವರ್ಸಿಟಿ ಹುಡುಗಿ, ಹತ್ತಿಯಂಥ ಸ್ವರ. ಅವಳು ಮೊದಲು ತನ್ನ ಭಾಗವನ್ನು ಗುನುಗಿ ತೋರಿಸಿದಳು. ವಿಶ್ವನಾಥರ ಸರದಿ ಬಂತು. ನಾಲ್ಕು ಆವರ್ತ ನುಡಿಸಿದೆ. ಸ್ವರ ಬರಲಿಲ್ಲ. ಮತ್ತೆ ನುಡಿಸಿದೆ. ಹಾಳೆ ಕುರ್ಚಿಯ ಮೇಲಿಟ್ಟು ಹೊರಗೆ ಹೋದರು. ಪೀಟರ್‌ಗೆ ವಿಷಯ ಗೊತ್ತಿರಲಿಲ್ಲ, ನಾನೇ ಹೇಳಿದೆ. ಅವನು ತಲೆ ಮೇಲೆ ಕೈ ಹೊತ್ತ. ಪಾತ್ರ ಬೇರೆಯವರಿಗೆ ಕೊಡೋಣ ಎಂದ.

ಕಾರಿನಲ್ಲಿ ಮನೆಗೆ ಬಂದೆವು. ನನ್ನ ಗೇಟಿನ ಹತ್ತಿರ ನಿಲ್ಲಿಸಿ, "ಬೇರೆಯವರಿಗೆ ಕೊಡೋದು ಬೇಡ ಅಂತ ಪೀಟರ್‌ಗೆ ಹೇಳಿ ಟೀಚರ್" ಎಂದರು. "ಮನೇಲಿ ಈ ಪ್ರಶ್ನೆನೆಲ್ಲ ನಾನು ದಿನಾ ಕೇಳ್ತೀನಿ. ಇಲ್ಲಾದ್ರೂ ಸರಿಯಾಗಿ ಕೇಳೋಣ."

ಹನ್ನೊಂದನೆಯ ಹಾಡಿನ ಮೇಲೆ ಬರೆದವರ ಹೆಸರಿಲ್ಲ. ಗಂಡನ ಭಾಗದ ಶೈಲಿ ಹಾಡುಗಾರರಲ್ಲಿ ಒಬ್ಬನದಂತೆ. ಗುನುಗು ಮಾತ್ರ ಬೇರೆ ಕೈ, ಯಾರದೆಂದು ಪಂಡಿತರಿಗೂ ತಿಳಿದಿಲ್ಲ ಎಂದು ಪೀಟರ್ ಹೇಳಿದ.

ಫೆಬ್ರವರಿ 11, ಮಂಗಳವಾರ

ಹನ್ನೊಂದನೆಯದನ್ನು, ಗುನುಗೂ ಸೇರಿಸಿ, ವಿಶ್ವನಾಥರಿಗೆ ರೆಕಾರ್ಡ್ ಮಾಡಿ ಕಳಿಸಿದೆ. "ಥ್ಯಾಂಕ್ಯೂ ಟೀಚರ್" ಎಂದು ಉತ್ತರ. ಅಷ್ಟಕ್ಕೆ ಫೋನನ್ನು ಎಷ್ಟು ಸಲ ತೆಗೆದು ನೋಡುವುದು...

ಐವತ್ತೊಂದು ವರ್ಷ ನಿನಗೆ, ಫಿಲೋಮಿನಾ. ಮೊಣಕಾಲಿಗೆ ಎಣ್ಣೆ ಹಚ್ಚುವ ವಯಸ್ಸು.

ಫೆಬ್ರವರಿ 22, ಶನಿವಾರ

ಇವತ್ತು ರಿಹರ್ಸಲ್ ಇಲ್ಲ. ವಿಶ್ವನಾಥ ಮನೆಗೆ ಊಟಕ್ಕೆ ಕರೆದಿದ್ದರು. ಹೋಗಬಾರದೆಂದು ಬೆಳಗಿನಿಂದ ಅಂದುಕೊಳ್ಳುತ್ತಲೇ ಸೀರೆ ಇಸ್ತ್ರಿ ಮಾಡಿದೆ.

ಜಯಲಕ್ಷ್ಮಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ನನಗಿಂತ ಚಿಕ್ಕವರು. ಹೂ ಮುಡಿದಿದ್ದರು; ಅವರನ್ನು ನೋಡಿಕೊಳ್ಳುವ ಜೆನಿಫರ್ ಮುಡಿಸಿದ್ದಂತೆ. ಕಣ್ಣು ಎಷ್ಟು ಚುರುಕು. ನನ್ನ ಎಡಗೈ ಹಿಡಿದು "ಅದು, ಅದು" ಎಂದರು. ಬನ್ನಿ ಎಂದು ಅರ್ಥವಿರಬೇಕು. ಜೆನಿಫರ್ ನನ್ನನ್ನು "ಕರಿಬು, ಮ್ವಾಲಿಮು" — ಬನ್ನಿ ಟೀಚರ್ — ಎಂದು ಊಟಕ್ಕೆ ಕರೆದಳು. ಬಿಸಿಬೇಳೆಬಾತ್ ಮಾಡಿದ್ದು ಅವಳೇ, ಜಯಲಕ್ಷ್ಮಿ ಸನ್ನೆಯಲ್ಲೇ ಕಲಿಸಿದ್ದಾರೆ.

ಊಟದ ಮೇಲೆ ಗಗನಾ ತನ್ನ ಕೀಬೋರ್ಡ್ ತಂದಳು. "ಆಂಟಿ, ಡ್ಯಾಡ್ ಪ್ರಾಕ್ಟೀಸ್ ಮಾಡೋದನ್ನ ಕೇಳಿ. ಹಿ ಈಸ್ ಹಾರಿಬಲ್." ಎರಡು ಕನ್ನಡ ಪದ ನನಗಾಗಿ ಖರ್ಚು ಮಾಡಿದಳು. ಎಲ್ಲರೂ ನಕ್ಕೆವು. ಯಾವ ಹಾಡು ಎಂದು ಯಾರೂ ಯೋಚಿಸಲಿಲ್ಲ. ಹನ್ನೊಂದನೆಯದನ್ನೇ ಶುರು ಮಾಡಿದರು.

ಹಸಿವಾ? ಎಂದು ಹಾಡಿದರು. ಅಚಿಯೆಂಗ್ ಇಲ್ಲ, ಅವಳ ಭಾಗವನ್ನು ನಾನು ಬಲಗೈಯಲ್ಲಿ ನುಡಿಸಿದೆ. ಚಳಿಯಾ? ನುಡಿಸಿದೆ. ಕೋಪವಾ? ನುಡಿಸುವ ಮೊದಲೇ ಯಾರೋ ಗುನುಗಿದರು. ಸರಿಯಾದ ಸ್ವರದಲ್ಲಿ.

ನನ್ನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು.

"ಡ್ಯಾಡ್" ಎಂದಳು ಗಗನಾ. "ದಟ್ ವಾಸ್ ಅಮ್ಮ."

ಜಯಲಕ್ಷ್ಮಿ ನಮ್ಮನ್ನೇ ನೋಡುತ್ತಿದ್ದರು, ಯಾಕೆ ನಿಲ್ಲಿಸಿದಿರಿ ಎನ್ನುವ ಹಾಗೆ. ಮತ್ತೆ ಮೊದಲಿನಿಂದ ನುಡಿಸಿದೆ. ಮೂರು ಗುನುಗನ್ನೂ ಹಾಡಿದರು. ಮನೆಯಲ್ಲಿ ವಿಶ್ವನಾಥ ನನ್ನ ರೆಕಾರ್ಡಿಂಗ್ ಹಾಕಿದಾಗೆಲ್ಲ ಕೇಳಿ ಕೇಳಿ ಬಂದಿದೆ.

ಆಮೇಲೆ ಬಾಲ್ಕನಿಯಲ್ಲಿ ವಿಶ್ವನಾಥ ಹೇಳಿದರು. ಹಾಡಿಸಿ ನೋಡಿ, ಮಾತು ಹೋದವರಿಗೂ ಹಾಡು ಉಳಿದಿರುತ್ತದೆ ಎಂದು ಸ್ಪೀಚ್ ಥೆರಪಿಸ್ಟ್ ಮೊದಲೇ ಹೇಳಿದ್ದರಂತೆ. ದೇವರನಾಮ ಪ್ರಯತ್ನಿಸಿದರು. ಜಯಲಕ್ಷ್ಮಿ ಮದುವೆಗೆ ಮೊದಲಿನಿಂದ ಹಾಡುತ್ತಿದ್ದವರು. ಮೊದಲ ಸಾಲಿನಲ್ಲೇ ಪದ ತಪ್ಪಿತು, ಅತ್ತರು, ಕೋಲು ಎಸೆದರು. ಮತ್ತೆಂದೂ ಬಾಯಿ ತೆರೆಯಲಿಲ್ಲ.

"ಇದಕ್ಕೆ ಪದವೇ ಇಲ್ಲವಲ್ಲ" ಎಂದೆ. "ತಪ್ಪುವುದಕ್ಕೆ ಎಂತದೂ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕವಿಲ್ಲದ ಮುಖ ಅಷ್ಟು ಹತ್ತಿರದಿಂದ ಇವತ್ತೇ ನೋಡಿದ್ದು.

ಮಾರ್ಚ್ 1, ಶನಿವಾರ

ಮಂಗಳವಾರ, ಗುರುವಾರ ಶಾಲೆ ಬಿಟ್ಟ ಮೇಲೆ ಬಂದು ಜಯಲಕ್ಷ್ಮಿಗೆ ಹಾಡಿಸಲು ಆಗುತ್ತದೆಯೇ ಎಂದು ಕಾರಿನಲ್ಲಿ ವಿಶ್ವನಾಥ ಕೇಳಿದರು. ಅವರ ಮಾತು ಮುಗಿಯುವ ಮೊದಲೇ ಆಗುತ್ತದೆ ಎಂದೆ. "ದೊಡ್ಡ ಉಪಕಾರ ಟೀಚರ್." ನಾನು ಕಿಟಕಿಯ ಹೊರಗೆ ನೋಡಿದೆ.

ಮಾರ್ಚ್ 5, ವಿಭೂತಿ ಬುಧವಾರ

ಹಣೆಗೆ ಬೂದಿ ಹಾಕಿಸಿಕೊಂಡು ಬಂದೆ. ಪಾಪನಿವೇದನೆಗೆ ಸಾಲು ಇತ್ತು. ನಿಂತೆ. ನನ್ನ ಸರದಿ ಹತ್ತಿರ ಬಂದಾಗ ಸಾಲು ಬಿಟ್ಟೆ. ಏನು ಹೇಳುವುದು? ಮಾಡಿದ್ದು ಏನೂ ಇಲ್ಲ.

ಮಾರ್ಚ್ 20, ಗುರುವಾರ

ಬರೆಯಬೇಕು, ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಗುನುಗಿನೊಳಗೆ ಮಾತು ಸೇರಿಸಿ ಎಂದು ಥೆರಪಿಸ್ಟ್ ಹೇಳಿಕೊಟ್ಟಿದ್ದಾರೆ. ದಿನಾ ಬೇಕಾಗುವ ಮಾತು, ಚಿಕ್ಕದು. ಎಡಗೈಯಿಂದ ತೊಡೆ ತಟ್ಟುತ್ತಾ, ಅದೇ ರಾಗದಲ್ಲಿ. ಹೋದ ವಾರ 'ನೀರು' ಬಂತು. ನೀ... ರು. ಜೆನಿಫರ್ ಓಡಿಹೋಗಿ ಎರಡು ಲೋಟ ತಂದಳು. ಮರುದಿನ 'ಬೇಡ'. ಬೇಡ ಬಂದ ಮೇಲೆ ಎಲ್ಲದಕ್ಕೂ ಬೇಡ. ಮಾತ್ರೆ ಬೇಡ, ರಾಗಿ ಗಂಜಿ ಬೇಡ, ಗಗನಾಳ ಹೊಸ ಹೇರ್‌ಕಟ್ ಬೇಡ. ಆ ಮನೆಯಲ್ಲಿ ಅಷ್ಟು ನಗು ನಾನು ಕೇಳಿರಲಿಲ್ಲ.

ಜಯಲಕ್ಷ್ಮಿಯ ಜೊತೆ ಕೂತರೆ ನನಗೂ ಹಿತ. ಅದನ್ನೂ ಬರೆದಿಡಬೇಕು. ತಪ್ಪು ಸ್ವರ ನುಡಿಸಿದರೆ ಹುಬ್ಬು ಏರಿಸುತ್ತಾರೆ. ನನ್ನ ಸೀರೆಯ ಫಾಲ್ ಬಿಚ್ಚಿದ್ದನ್ನು ಬೆರಳಿನಿಂದ ತೋರಿಸಿದರು. ಹಿಂದೆ ಇವರು ಮಾತಾಡುತ್ತಿದ್ದ ಕಾಲದಲ್ಲಿ ಪರಿಚಯವಾಗಿದ್ದರೆ ಗೆಳತಿಯರಾಗುತ್ತಿದ್ದೆವು, ಖಂಡಿತ.

ಇವತ್ತು ಹೊಸ ಮಾತು ಕಲಿಸುತ್ತಿದ್ದೆ. ಕೆಳಗೆ ಕಾರಿನ ಸದ್ದು. ವಿಶ್ವನಾಥ ಮೆಟ್ಟಿಲು ಹತ್ತಿ ಬಂದರು, ಫ್ಯಾಕ್ಟರಿಯ ಬೆವರು, ಕೈಯಲ್ಲಿ ಟಿಫಿನ್ ಡಬ್ಬಿ. ಜಯಲಕ್ಷ್ಮಿ ತೊಡೆ ತಟ್ಟಿಕೊಂಡರು. ನನ್ನ ಕಡೆ ನೋಡಲೇ ಇಲ್ಲ. ಹಾಡಿದರು.

"ಬಂ... ದ್ರಾ?"

ಅವರು ಬಾಗಿಲಲ್ಲೇ ನಿಂತರು. ಡಬ್ಬಿ ಕೈಯಲ್ಲೇ ಇತ್ತು. "ಬಂದೆ" ಎಂದರು. "ಬಂದೆ ಜಯಾ. ಬಂದೆ ಕಣೆ." ಮತ್ತೆ ಮತ್ತೆ ಅದನ್ನೇ. ಅವರ ಮುಖ... ನನಗೆ ಬರೆಯಲು ಬರುವುದಿಲ್ಲ. ಕೀಬೋರ್ಡಿನ ಹಿಂದೆ ಕುಳಿತು ನೋಡಿದೆ. ಹೀಗೆ ಒಬ್ಬರು ಮನೆಗೆ ಬರುವುದನ್ನು, ಬಂದಿರಾ ಎಂದು ಕೇಳುವುದನ್ನು ನಾನು ಯಾವತ್ತೂ ಪಡೆದವಳಲ್ಲ. ಇಬ್ಬರಿಗಾಗಿಯೂ ಸಂತೋಷ, ಇಬ್ಬರ ಮೇಲೂ ಹೊಟ್ಟೆಕಿಚ್ಚು. ಚಪ್ಪಲಿ ಹಾಕಿಕೊಂಡು ಸುಮ್ಮನೆ ಹೊರಟುಬಂದೆ. ಯಾರಿಗೂ ಗೊತ್ತಾಗಲಿಲ್ಲ.

ಏಪ್ರಿಲ್ 12, ಶನಿವಾರ

ಮೂರು ವಾರ ಬರೆಯಲಿಲ್ಲ. ಬರೆದರೆ ಅದು ನಿಜವಾಗುತ್ತದೆ.

ಇವತ್ತು ಮಧ್ಯಾಹ್ನವೆಲ್ಲ ಮಳೆ. ರಿಹರ್ಸಲ್‌ನಿಂದ ವಾಪಸ್ ಬರುವಾಗ ರಸ್ತೆಯಲ್ಲಿ ನೀರು ನಿಂತು ಎಲ್ಲ ಜಾಮ್. ಮುಂದೆ ಲಾರಿ, ಹಿಂದೆ ಮಟಾಟು, ಅದರೊಳಗೆ ಡಂ ಡಂ ಸಂಗೀತ. ಗಾಜೆಲ್ಲ ಮಂಜು. ವಿಶ್ವನಾಥ ವೈಪರ್ ನಿಲ್ಲಿಸಿದರು.

"ನಿನ್ನೆ ಜಯ ಕೇಳಿದ್ಲು, 'ಊಟ... ಆಯ್ತಾ?' ಅಂತ. ರಾಗದಲ್ಲೇ. ಆದ್ರೂ ಕೇಳಿದ್ಲು." ಗಾಜಿನ ಮಂಜನ್ನು ಕೈಯಿಂದ ಒರೆಸಿದರು. "ಟೀಚರ್, ಎರಡು ವರ್ಷದಿಂದ ನನ್ನ ಹತ್ರ ಯಾರೂ ಹೀಗೆ ಕೂತು ಮಾತಾಡಿಲ್ಲ. ಮನೇಲಿ ನಾನೊಬ್ಬನೇ ಮಾತಾಡೋದು. ಶನಿವಾರ ಯಾವಾಗ ಬರುತ್ತೆ ಅಂತ ಕಾಯ್ತೀನಿ. ನಿಜ ಹೇಳ್ಬೇಕು ಅಂದ್ರೆ... ಹಾಡೋದಕ್ಕಲ್ಲ."

ನನ್ನ ಕೈ ಬ್ಯಾಗಿನ ಮೇಲಿತ್ತು. ಅವರ ಕೈ ಅದರ ಮೇಲೆ ಬಂತು. ಭಾರವಾದ, ಬೆಚ್ಚನೆಯ ಕೈ. ನಾನು ತೆಗೆಯಲಿಲ್ಲ. ತೆಗೆಯಲಿಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ. ಹಿಂದಿನ ಮಟಾಟು ಹಾರ್ನ್ ಹೊಡೆಯಿತು, ಲಾರಿ ಮುಂದೆ ಹೋಗಿತ್ತು. ಕೈ ಸ್ಟೀರಿಂಗಿಗೆ ಹೋಯಿತು. ಮನೆ ಬರುವವರೆಗೂ ಇಬ್ಬರೂ ಮಳೆಯ ವಿಷಯ ಮಾತಾಡಿದೆವು.

ಏಪ್ರಿಲ್ 15, ಮಂಗಳವಾರ

ಹೋಗಬಾರದಿತ್ತು. ಹೋದೆ.

ಜೆನಿಫರ್ ಚಹಾ ಇಟ್ಟು ಅಂಗಡಿಗೆ ಹೋದಳು. ಗಗನಾ ಟ್ಯೂಷನ್. ನಾನು, ಜಯಲಕ್ಷ್ಮಿ ಇಬ್ಬರೇ. ನುಡಿಸಲು ಶುರುಮಾಡಿದೆ. ಅವರು ಹಾಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಎಡಗೈ ಚಾಚಿ ಕೀಬೋರ್ಡಿನ ಸ್ವಿಚ್ ಆಫ್ ಮಾಡಿದರು. ಫ್ರಿಜ್ಜಿನ ಸದ್ದು ಕೇಳಿಸತೊಡಗಿತು.

ತೊಡೆ ತಟ್ಟಲಿಲ್ಲ. ರಾಗ ಇಲ್ಲ. ಬರೀ ಮಾತು.

"ಗೊತ್ತು."

ತಪ್ಪಾಗಿ ಕೇಳಿಸಿತು ಎಂದುಕೊಳ್ಳಲು ನೋಡಿದೆ. ಕಣ್ಣಿಗೆ ಕಣ್ಣಿಟ್ಟು ಇನ್ನೊಮ್ಮೆ ಹೇಳಿದರು. "ಗೊತ್ತು."

ಎದ್ದು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ತಮ್ಮ ಸೆರಗಿನ ತುದಿಯಿಂದ ಒರೆಸಿದರು, ಮಕ್ಕಳಿಗೆ ಒರೆಸುವಂತೆ, ಸ್ವಲ್ಪ ಒರಟಾಗಿ. ಇನ್ನೂ ಏನೋ ಹೇಳಲು ಹೊರಟರು. "ಅದು... ಅದು..." ತುಟಿ ಒದ್ದಾಡಿತು, ಕತ್ತಿನ ನರ ಉಬ್ಬಿತು. "ಅದು..." ಬರಲಿಲ್ಲ. ಸೋತು ಕುರ್ಚಿಗೆ ಒರಗಿದರು. ನನ್ನನ್ನು ಬೈಯುವುದಿತ್ತೋ, ಬೇರೆ ಏನಿತ್ತೋ. ಅವರು ಹೇಳದೆ ನನಗೆ ತಿಳಿಯುವುದಿಲ್ಲ.

ರಾಗವಿಲ್ಲದ ಮೊದಲ ಮಾತು. ಗಂಡ, ಮಗಳು, ಥೆರಪಿಸ್ಟ್ ಎಲ್ಲರೂ ಇದಕ್ಕಾಗಿಯೇ ಕಾಯುತ್ತಿದ್ದಾರೆ. ಅದು ಬಂತು. ಕೇಳಿದವಳು ನಾನೊಬ್ಬಳೇ. ಯಾರಿಗೂ ಹೇಳುವಂತಿಲ್ಲ.

ಏಪ್ರಿಲ್ 16

ಹೇಗೆ ಗೊತ್ತಾಯಿತು? ನಾನು ವಿಶ್ವನಾಥರ ಹೆಸರು ಹೇಳುವಾಗ ಬೇರೆ ಥರ ಹೇಳುತ್ತೇನಾ? ಮಾತಾಡುವವರು ಇಷ್ಟು ಗಮನಿಸುವುದಿಲ್ಲ.

ಏಪ್ರಿಲ್ 20, ಈಸ್ಟರ್

ಬೆಳಗಿನ ಪೂಜೆಗೆ ಆರ್ಗನ್ ನುಡಿಸಿದೆ. ಎಲ್ಲರೂ ಹ್ಯಾಪಿ ಈಸ್ಟರ್. ನಿರ್ಧಾರ ಮಾಡಿದೆ. ಹಾಡು ನಿಲ್ಲಬಾರದು. ನಾನು ಆ ಮನೆಗೆ ಹೋಗುವುದು ನಿಲ್ಲಬೇಕು.

ಏಪ್ರಿಲ್ 24, ಗುರುವಾರ

ಗಗನಾಗೆ ಎಲ್ಲ ಕಲಿಸಿಕೊಟ್ಟೆ. ಯಾವ ಕೀಗಳನ್ನು ಒಟ್ಟಿಗೆ ಒತ್ತಬೇಕು, ಎಲ್ಲಿ ನಿಲ್ಲಬೇಕು, ಅಮ್ಮನ ಉಸಿರಿಗೆ ಎಷ್ಟು ಕಾಯಬೇಕು. ಚುರುಕು ಹುಡುಗಿ, ಬೇಗ ಹಿಡಿದಳು.

"ಬಟ್ ಆಂಟಿ, ವೈ ಮೀ? ಅಮ್ಮ ಲೈಕ್ಸ್ ಯು."

"ಶಾಲೆ ಶುರುವಾಗ್ತದೆ ಅಲ್ವಾ ಪುಟ್ಟಾ. ನನಗೆ ಟೈಮ್ ಆಗುದಿಲ್ಲ."

"ಯು ಹ್ಯಾಡ್ ಟೈಮ್ ಲಾಸ್ಟ್ ಟರ್ಮ್." ಆಮೇಲೆ, ಅಪರೂಪಕ್ಕೆ ಕನ್ನಡದಲ್ಲಿ, "ಡ್ಯಾಡ್ ಬೇಜಾರ್ ಮಾಡ್ಕೋತಾರೆ" ಎಂದಳು.

ಜಯಲಕ್ಷ್ಮಿ ಕಿಟಕಿಯ ಹತ್ತಿರ ಕುಳಿತು ಎಲ್ಲ ಕೇಳುತ್ತಿದ್ದರು. ಹೊರಡುವಾಗ ನನ್ನ ಕೈಯನ್ನು ಹಿಡಿದರು. ಬಿಡಲು ತಡ ಮಾಡಿದರು.

ಮೇ 10, ಶನಿವಾರ

ಮಟಾಟಿನಲ್ಲಿ ಹೋಗಿ ಬಂದೆ, ಮೂರನೇ ವಾರ. ಬ್ರೇಕ್‌ನಲ್ಲಿ ವಿಶ್ವನಾಥ ಪಿಯಾನೊದ ಹತ್ತಿರ ಬಂದರು.

"ನನ್ನಿಂದ ತಪ್ಪಾಯ್ತಾ ಟೀಚರ್?"

"ಎಂತ ತಪ್ಪೂ ಇಲ್ಲ ಮಾರಾಯ್ರೆ. ಶಾಲೆಯಿಂದ ನೇರ ಬರ್ತೇನೆ, ಅಷ್ಟೇ."

"ಶನಿವಾರ ಶಾಲೆ ಇರಲ್ಲ."

ಹಾಳೆ ತಿರುವಿದೆ. ಅವರು ಹೋಗಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದರು — ಕೆಲಸ ಬಿಡುತ್ತಿದ್ದಾರೆ. ಜೂನ್ ಕೊನೆಗೆ ಗಗನಾಳ ಪರೀಕ್ಷೆ ಮುಗಿದ ಮೇಲೆ ಮೈಸೂರಿಗೆ ವಾಪಸ್. ಅಲ್ಲಿ ಮಾತಿನ ಚಿಕಿತ್ಸೆ ಕನ್ನಡದಲ್ಲೇ ಸಿಗುತ್ತದೆ. "ಇಷ್ಟು ಬಂದಿದೆ ಅಂದ್ಮೇಲೆ ಇನ್ನೂ ಬರುತ್ತೆ ಅಂತಾರೆ ಡಾಕ್ಟ್ರು. ಇಲ್ಲೇ ಇದ್ರೆ ನಾನು ಅವಳಿಗೆ ಮೋಸ ಮಾಡ್ದಂಗೆ ಆಗತ್ತೆ." ಯಾವ ಮೋಸ ಎಂದು ಬಿಡಿಸಿ ಹೇಳಲಿಲ್ಲ. 

"ಒಳ್ಳೆಯದಾಯಿತು" ಎಂದೆ. ಸ್ವರ ನಡುಗಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಬ್ರೆತ್ ಕಂಟ್ರೋಲ್ ಕಲಿಸಿದವಳು.

ಪೀಟರ್ ಹನ್ನೊಂದನೆಯದನ್ನು ಮತ್ತೆ ತೆಗೆದ. ಈಗ ವಿಶ್ವನಾಥ ಎಲ್ಲೂ ನಿಲ್ಲದೆ ಹಾಡುತ್ತಾರೆ. ಆ ಗುನುಗನ್ನು ನುಡಿಸುತ್ತಾ ಯೋಚಿಸಿದೆ. ನಾಲ್ವರಲ್ಲಿ ಯಾವನು ಬರೆದನೋ ಪಾಪ, ಮೂರೂ ಗುನುಗು ಮೇಲಕ್ಕೆ ಹೊರಟು ಕೊನೆಯ ಸ್ವರ ಮುಟ್ಟುವ ಮೊದಲೇ ಇಳಿಯುತ್ತವೆ. ತಮಾಷೆಗೆ ಬರೆಯಹೊರಟವನ ಕೈಯಲ್ಲಿ ಇದು ಹೇಗೆ ಬಂತು?

ಜೂನ್ 1, ಭಾನುವಾರ

ನಿನ್ನೆ ಶೋ ಆಯಿತು. ಹಾಲ್ ತುಂಬಿತ್ತು, ಕಿಟಕಿಯಲ್ಲೂ ಜನ. ದೇವತೆಯ ಹಗ್ಗ ಅರ್ಧದಲ್ಲಿ ಸಿಕ್ಕಿಕೊಂಡು ಅವಳು ಗಾಳಿಯಲ್ಲೇ ಹಾಡಬೇಕಾಯಿತು. ಜನ ಕೇಕೆ ಹಾಕಿದರು. ಪಿಯಾನೊ ಮಾತ್ರ ರಿಪೇರಿಯಾಗಿರಲಿಲ್ಲ.

ಜಯಲಕ್ಷ್ಮಿ ಮುಂದಿನ ಸಾಲಿನಲ್ಲಿದ್ದರು. ನೀಲಿ ರೇಷ್ಮೆ ಸೀರೆ. ಒಂದು ಕಡೆ ಗಗನಾ, ಇನ್ನೊಂದು ಕಡೆ ಜೆನಿಫರ್.

ಹನ್ನೊಂದನೆಯ ಹಾಡು. ಹಸಿವಾ ಎಂದು ಕೇಳಿದರು. ಅಚಿಯೆಂಗ್ ಗುನುಗಿದಳು, ಜನ ನಕ್ಕರು. ಚಳಿಯಾ? ಅಚಿಯೆಂಗ್ ಗುನುಗಿದಳು, ಅದರ ಕೆಳಗೆ ಇನ್ನೊಂದು ಗುನುಗು, ಮುಂದಿನ ಸಾಲಿನಿಂದ. ಅಚಿಯೆಂಗ್ ಜಾಣೆ, ತಿರುಗಿ ನೋಡಿ ನಿಲ್ಲಿಸಿಬಿಟ್ಟಳು. ಪೀಟರ್‌ನ ಕೈ ಗಾಳಿಯಲ್ಲಿ ಒಂದು ಗಳಿಗೆ ಹಾಗೇ ನಿಂತಿತು, ನನ್ನ ಕಡೆ ನೋಡಿದ. ನಾನು ನುಡಿಸುತ್ತಲೇ ಹೋದೆ.

ವಿಶ್ವನಾಥ ವೇದಿಕೆಯ ಅಂಚಿಗೆ ಬಂದರು. ಅಚಿಯೆಂಗ್‌ಗೆ ಬೆನ್ನು ಮಾಡಿ, ಕೆಳಗೆ ನೋಡಿ ಹಾಡಿದರು. ನನ್ನ ಮೇಲೆ ಕೋಪವಾ? ಜಯಲಕ್ಷ್ಮಿ ಕುಳಿತಲ್ಲಿಂದಲೇ ಉತ್ತರ ಕೊಟ್ಟರು. ಪೂರ್ತಿ, ಮೇಲಕ್ಕೆ ಹೋಗಿ ಇಳಿಯುವವರೆಗೂ. ಯಾರೂ ನಗಲಿಲ್ಲ. ಅಲ್ಲಿ ಒಂದು ತಂಗುವ ಸ್ವರ ಇದೆ, ಎಷ್ಟು ಹೊತ್ತು ಹಿಡಿಯಬೇಕೆನ್ನುವುದು ಪಿಯಾನೊದವರ ಇಷ್ಟ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ಮುಗಿಯುವವರೆಗೂ ಹಿಡಿದೆ. ನನಗೆ ಕೊಡಲು ಇದ್ದದ್ದು ಅದು. ಕೊಟ್ಟೆ.

ಶೋ ಮುಗಿದ ಮೇಲೆ ಗದ್ದಲದ ನಡುವೆ ಜಯಲಕ್ಷ್ಮಿ ಕೋಲು ಊರಿಕೊಂಡು ಪಿಯಾನೊದ ಹತ್ತಿರ ಬಂದರು. ಹಿಂದೆ ವಿಶ್ವನಾಥ, ಮುಖದಲ್ಲಿ ಇನ್ನೂ ಬಣ್ಣ. ಜಯಲಕ್ಷ್ಮಿ ನನ್ನ ತೋಳು ಹಿಡಿದು, ರಾಗವಿಲ್ಲದೆ, "ಮನೆಗೆ... ಬಾ" ಎಂದರು.

ಗಗನಾ ಚೀರಿದಳು. "ಶಿ ಸೆಡ್ ಇಟ್! ಡ್ಯಾಡ್, ವಿದೌಟ್ ಸಿಂಗಿಂಗ್! ಹರ್ ಫಸ್ಟ್ ವರ್ಡ್ಸ್!" ಜೆನಿಫರ್ ಕೈ ಮೇಲೆತ್ತಿ "ಅಸಾಂಟೆ" ಎಂದು ದೇವರಿಗೆ ಕೃತಜ್ಞತೆ ಹೇಳಿದಳು. ವಿಶ್ವನಾಥ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಮಗುವಿನ ಹಾಗೆ ಅತ್ತರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಜಯಲಕ್ಷ್ಮಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅಷ್ಟೇ.

ಜೂನ್ 28, ಶನಿವಾರ

ಹೊರಟರು. ಅವರ ಮನೆಯ ಕೆಳಗೆ, ಗೇಟಿನ ಹತ್ತಿರ ಹೋಗಿ ನಿಂತಿದ್ದೆ. ಡಿಕ್ಕಿ ಮುಚ್ಚಲಾಗದಷ್ಟು ಸಾಮಾನು. ಗಗನಾ ಅಪ್ಪಿಕೊಂಡಳು. ಕಾರು ಹತ್ತಿದ ಮೇಲೆ ಕೀಬೋರ್ಡ್ ಅವಳ ತೊಡೆಯ ಮೇಲೆ, ಪಕ್ಕದಲ್ಲಿ ಜಯಲಕ್ಷ್ಮಿ.

ವಿಶ್ವನಾಥ ಕೈ ಮುಗಿದರು. "ಬರ್ತೀನಿ ಟೀಚರ್."

ಹೋಗುವವರು ನಮ್ಮಲ್ಲಿ ಹೋಗುತ್ತೇನೆ ಎನ್ನುವುದಿಲ್ಲ. ಎಂಥ ಭಾಷೆ ಇದು...

"ಆಯ್ತು, ಬನ್ನಿ" ಎಂದೆ.

ಜುಲೈ 12, ಶನಿವಾರ, ಮಧ್ಯಾಹ್ನ

ರಿಹರ್ಸಲ್ ಇಲ್ಲ. ಚಳಿ. ಇಲ್ಲಿ ಜುಲೈ ಎಂದರೆ ಎರಡು ಸ್ವೆಟರ್ ಹಾಕಿ ಕೂರುವ ಕಾಲ. ಪೀಟರ್ ಫೋನ್ ಮಾಡಿದ್ದ, ಡಿಸೆಂಬರ್‌ಗೆ ಬೇರೆ ಏನೋ ಮಾಡುವ ಯೋಚನೆ. ನೋಡುವ ಎಂದೆ.

ಮೈಸೂರಿನಿಂದ ವಾಯ್ಸ್ ಮೆಸೇಜ್. ಜೊತೆಗೆ ವಿಶ್ವನಾಥರ ಒಂದು ಸಾಲು: "ಜಯ ತಾನೇ ರೆಕಾರ್ಡ್ ಮಾಡಿದ್ದು. ನನ್ನನ್ನ ರೂಮಿಂದ ಹೊರಗೆ ಕಳ್ಸಿದ್ಲು." ಬೆಳಗಿನಿಂದ ತೆರೆಯಲಿಲ್ಲ. ಪಾತ್ರೆ ತೊಳೆದೆ, ಬಟ್ಟೆ ಮಡಚಿದೆ. ಈಗ ಕೇಳಿದೆ.

ಮೊದಲು ಫ್ಯಾನಿನ ಸದ್ದು. ದೂರದಲ್ಲಿ ತರಕಾರಿ ಗಾಡಿಯವನ ಕೂಗು. ಉಸಿರು. ಆಮೇಲೆ ಅವರು, ಒಂದೊಂದೇ ಪದ, ಪದಕ್ಕೂ ಪದಕ್ಕೂ ನಡುವೆ ಅಷ್ಟು ದೂರ:

"ಟೀಚರ್... ಇಲ್ಲಿ... ಮಳೆ." ತುಂಬ ಹೊತ್ತು ಏನೂ ಇಲ್ಲ. "ಕೋಪ..." ಮತ್ತೆ ಉಸಿರು. ಅದು, ಅದು ಎಂದು ಎರಡು ಸಲ. ಬರುವುದಿಲ್ಲವೇನೋ ಎಂದು ನಾನೇ ಫೋನನ್ನು ಗಟ್ಟಿಯಾಗಿ ಹಿಡಿದಿದ್ದೆ. "ಕೋಪ... ಇಲ್ಲ."

ಎಷ್ಟು ಸಲ ಕೇಳಿದೆನೋ. ಚಹಾ ಆರಿತು.

ಉತ್ತರ ಕಳಿಸಬೇಕು. ರೆಕಾರ್ಡ್ ಬಟನ್ ಒತ್ತಿ ಹಿಡಿದೆ. ಏನೂ ಹೊರಡಲಿಲ್ಲ, ಅಳಿಸಿದೆ. ಇನ್ನೊಮ್ಮೆ. "ಜಯಲಕ್ಷ್ಮಿ, ಇಲ್ಲಿ ಚಳಿ" ಎಂದು ನಿಲ್ಲಿಸಿದೆ, ಅದನ್ನೂ ಅಳಿಸಿದೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಂಡು, ಆಮೇಲೆ ನೋಡಿ ಓದಿಬಿಡುವುದು ಒಳ್ಳೆಯದು. ಹಾಗೆ ಮಾಡುತ್ತೇನೆ.

ಜಯಾ, ನನಗೂ ನಿಮ್ಮ ಮೇಲೆ... ಅಲ್ಲ. ಹೀಗಲ್ಲ.

ಜಯಾ, ಆ ದಿನ ನೀವು ಗೊತ್ತು ಎಂದಾಗ ನಾನು... ಅದು...